ಭಾನುವಾರದ ಪಾಠ

ನಮ್ಮ ವೈದ್ಯರ ಸಂಘದ ಸಿಎಂಇಗಳ, ಅಂದರೆ ವೈದ್ಯರ ನಿರಂತರ ಕಲಿಕೆಯ ಸಭೆಗಳ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕರು ಫೋನ್ ಮಾಡಿದ ದಿನ ಅಟ್ಟ ಹತ್ತಿ ಹಳೆಯ ಬ್ಯಾಗುಗಳನ್ನು ಇಳಿಸಿದೆ. ಸಮ್ಮೇಳನಗಳಲ್ಲಿ ಕೊಡುತ್ತಾರಲ್ಲ, ಆ ಬ್ಯಾಗುಗಳು. ಮುಂದೆ ಯಾವುದೋ ಅಸಿಡಿಟಿ ಮಾತ್ರೆಯ ಹೆಸರು, ಹಿಂದೆ ಯಾವುದೋ ಆ್ಯಂಟಿಬಯಾಟಿಕ್‌ನ ಹೆಸರು. ಅರ್ಧದಷ್ಟನ್ನು ನನ್ನ ಹೆಂಡತಿ ಎಂದೋ ತರಕಾರಿ ಸಂತೆಗೆ ಒಪ್ಪಿಸಿಯಾಗಿತ್ತು. ಉಳಿದವುಗಳೊಳಗೆ ಇಂಕು ಒಣಗಿದ ಪೆನ್ನುಗಳು, ಹಳದಿಗಟ್ಟಿದ ಆಹ್ವಾನಪತ್ರಿಕೆಗಳು, ಕ್ರೆಡಿಟ್ ಅವರ್ ನಮೂದಿಸಿದ ಪ್ರಮಾಣಪತ್ರಗಳು, ಒಂದಕ್ಷರವೂ ಬೀಳದ ಹತ್ತಾರು ರೈಟಿಂಗ್ ಪ್ಯಾಡುಗಳು. ಎರಡು ಪ್ಯಾಡುಗಳಲ್ಲಿ ಮಾತ್ರ ಎರಡೂ ಬದಿಗೆ ಒತ್ತೊತ್ತಾಗಿ ಬರೆದ ಟಿಪ್ಪಣಿ ಇತ್ತು.

ಒಂದು, ಸಂಘದ ಕಟ್ಟಡದಲ್ಲಿ ಪ್ರೊಜೆಕ್ಟರ್ ಕೈಕೊಟ್ಟಿದ್ದ ದಿನದ್ದು. ನನ್ನ ಹಾಗೆಯೇ ಶಾಪ್, ಅಂದರೆ ಖಾಸಗಿ ಕ್ಲಿನಿಕ್, ಇಟ್ಟುಕೊಂಡಿದ್ದ ಗೆಳೆಯರೊಬ್ಬರು ಅವತ್ತು ತಾವು ಎಡವಿದ ಒಂದು ಕೇಸನ್ನು ಮುಚ್ಚುಮರೆಯಿಲ್ಲದೆ ಎಲ್ಲರೆದುರು ಬಿಡಿಸಿಟ್ಟಿದ್ದರು. ಇನ್ನೊಂದು, ಬೆಂಗಳೂರಿನಿಂದ ಬಂದಿದ್ದ ಮನೋವೈದ್ಯರು, "ಮೈಕೈ ನೋವು ಅಂತ ತಿಂಗಳಿಗೆ ನಾಲ್ಕು ಸಲ ಬರ್ತಾರಲ್ಲ, ಅವರ ಬಗ್ಗೆ ಮೊದಲು ನೀವು ಹೇಳಿ ಡಾಕ್ಟ್ರೇ, ಆಮೇಲೆ ನಾನು ಹೇಳ್ತೀನಿ" ಎಂದು ಕುರ್ಚಿ ಎಳೆದುಕೊಂಡು ನಮ್ಮ ಮಧ್ಯೆ ಕೂತ ದಿನದ್ದು.

ಯಾರು ಅಧ್ಯಕ್ಷರಾಗಿದ್ದರು, ಯಾರು ಸ್ವಾಗತಿಸಿದರು, ಯಾರು ವಂದಿಸಿದರು ಎಂಬುದೆಲ್ಲ ಕಾರ್ಯದರ್ಶಿಗಳ ವರದಿಗಳಲ್ಲಿ ಭದ್ರವಾಗಿದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಡಿಗ್ರಿ ಪಡೆದು ಬೋರ್ಡು ಹಾಕಿದ ಸಾಮಾನ್ಯ ವೈದ್ಯನನ್ನು, ಅಂದರೆ ಜಿಪಿಯನ್ನು, ಮತ್ತೆ ಬೆಂಚಿನ ಮೇಲೆ ಕೂರಿಸುವ ಈ ಏರ್ಪಾಡು ಎಲ್ಲಿಂದ ಬಂತು, ಅದರಲ್ಲಿ ಪ್ರಶ್ನೆ ಯಾರದಾಗಿತ್ತು, ಇಷ್ಟನ್ನೇ ಹಿಡಿದುಕೊಂಡು ಹೊರಟಿದ್ದೇನೆ.

ಇದನ್ನು ಕಟ್ಟುನಿಟ್ಟಿನ ನಿಯಮವಾಗಿ ಮೊದಲು ತಂದವರು ಅಮೆರಿಕದ ಸಾಮಾನ್ಯ ವೈದ್ಯರು, ಅದೂ ತಮ್ಮ ಮೇಲೆ ತಾವೇ. ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿ ಸ್ಪೆಷಲಿಸ್ಟ್‌ಗಳ ಕಾಲ ಶುರುವಾಗಿತ್ತು. ದೊಡ್ಡ ಆಸ್ಪತ್ರೆಗಳ ಬಾಗಿಲು ಮನೆ ವೈದ್ಯರಿಗೆ ಒಂದೊಂದಾಗಿ ಮುಚ್ಚುತ್ತಿತ್ತು. 1947ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಶತಮಾನೋತ್ಸವ. ಆ ಜಾತ್ರೆಯ ನಡುವೆಯೇ ಸಾಮಾನ್ಯ ವೈದ್ಯರು ಸೇರಿ ಜೂನ್ 10ರಂದು ತಮ್ಮದೇ ಅಕಾಡೆಮಿ ಕಟ್ಟಿಕೊಂಡರು. ಮೂರು ವರ್ಷಕ್ಕೆ 150 ಗಂಟೆ ಓದಿದ್ದಕ್ಕೆ ಲೆಕ್ಕ ಕೊಡದವರಿಗೆ ಸದಸ್ಯತ್ವವಿಲ್ಲ ಎಂದು ಬರೆದುಕೊಂಡರು. ಸರ್ಕಾರ ಹೇಳಿರಲಿಲ್ಲ, ಕೋರ್ಟು ಹೇಳಿರಲಿಲ್ಲ. "ನೀವು ಬರೀ ಜಿಪಿ" ಎಂಬ ತಾತ್ಸಾರಕ್ಕೆ ಅವರು ಕೊಟ್ಟ ಉತ್ತರ ಅದು. 1949ರಲ್ಲಿ ಸಿನ್ಸಿನಾಟಿಯಲ್ಲಿ ಮೊದಲ ವಾರ್ಷಿಕ ವೈಜ್ಞಾನಿಕ ಸಮ್ಮೇಳನ ನಡೆಸಿದರು. 1969ರಲ್ಲಿ ಫ್ಯಾಮಿಲಿ ಪ್ರಾಕ್ಟೀಸ್ ಅಲ್ಲಿ ಒಂದು ಸ್ಪೆಷಾಲಿಟಿಯೇ ಆಯಿತು. ಆಗಲೂ ಹಳಬರಿಗೆ ರಿಯಾಯಿತಿ ಇಟ್ಟುಕೊಳ್ಳಲಿಲ್ಲ. ತಲೆ ನರೆತವರೂ ಪರೀಕ್ಷೆಗೆ ಕೂರಬೇಕಿತ್ತು, ಪಾಸಾದರೂ ಆ ಪ್ರಮಾಣಪತ್ರಕ್ಕೆ ಒಂದು ಅವಧಿ ಇತ್ತು, ಅದು ಮುಗಿದ ಮೇಲೆ ಮತ್ತೆ ಪರೀಕ್ಷೆ. ಬೇರೆ ಯಾವ ಸ್ಪೆಷಾಲಿಟಿಯೂ ಅಲ್ಲಿಯವರೆಗೆ ಆ ಧೈರ್ಯ ಮಾಡಿರಲಿಲ್ಲ.

ಬ್ರಿಟನ್ನಿನಲ್ಲಿ ಸಾಮಾನ್ಯ ವೈದ್ಯರ ಕಾಲೇಜು ಶುರುವಾದದ್ದು 1952ರಲ್ಲಿ. ಅದರ ಮೊದಲ ಅಧ್ಯಕ್ಷ ವಿಲಿಯಂ ಪಿಕಲ್ಸ್ ಯಾರ್ಕ್‌ಶೈರಿನ ಒಂದು ಕಣಿವೆಯ ಹಳ್ಳಿ ಡಾಕ್ಟರು. ಯಾರ ಮನೆಗೆ ಯಾವತ್ತು ಜ್ವರ ಬಂತು, ಅವರು ಯಾವ ಸಂತೆಗೆ ಹೋಗಿದ್ದರು ಎಂದು ಬರೆದಿಟ್ಟುಕೊಂಡೇ ಕಾಮಾಲೆ ಹರಡುವ ಬಗೆಯನ್ನು ಪತ್ತೆ ಹಚ್ಚಿದವರು. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ಹೊತ್ತಿಗೆ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ನಡೆಯುತ್ತಿದ್ದ ಒಂದು ಸಣ್ಣ ಕೂಟ. ಹಂಗೆರಿಯಿಂದ ಬಂದ ಮನೋವಿಶ್ಲೇಷಕ ಮೈಕೆಲ್ ಬಾಲಿಂಟ್ ಅಲ್ಲಿ ವಾರಕ್ಕೊಮ್ಮೆ ಒಂದಷ್ಟು ಜನ ಜಿಪಿಗಳನ್ನು ಕೂರಿಸಿಕೊಳ್ಳುತ್ತಿದ್ದರು. ಉಪನ್ಯಾಸ ಇಲ್ಲ. ಒಬ್ಬ ವೈದ್ಯ ತನ್ನನ್ನು ಕಾಡುತ್ತಿರುವ ಒಬ್ಬ ರೋಗಿಯ ವಿಷಯ ಹೇಳಬೇಕು, ಉಳಿದವರು ಅದರ ಮೇಲೆ ಮಾತಾಡಬೇಕು. ಸಾಮಾನ್ಯ ವೈದ್ಯ ಅತಿ ಹೆಚ್ಚು ಕೊಡುವ ಔಷಧ ಎಂದರೆ ಸ್ವತಃ ಅವನೇ, ಆದರೆ ಅದನ್ನು ಎಷ್ಟು ಡೋಸ್ ಕೊಡಬೇಕು, ಅದರ ಅಡ್ಡಪರಿಣಾಮವೇನು ಎಂದು ಯಾವ ಪುಸ್ತಕದಲ್ಲೂ ಇಲ್ಲ ಎಂಬುದು ಆ ಕೂಟದಿಂದ ಎದ್ದ ಮಾತು. 1957ರಲ್ಲಿ ಅದು ಪುಸ್ತಕವಾಗಿ ಬಂತು. ಇವತ್ತಿಗೂ ಹಲವು ದೇಶಗಳಲ್ಲಿ ಬಾಲಿಂಟ್ ಗುಂಪುಗಳು ಕೂಡುತ್ತವೆ.

ನಮ್ಮ ಕಡೆಯ ಕಥೆ ಬೇರೆ. ಹಳೆ ಮೈಸೂರಿನ ಊರುಗಳಲ್ಲಿ ಡಿಗ್ರಿಯಿಲ್ಲದ, ಲೈಸೆನ್ಸ್ ಮಾತ್ರ ಪಡೆದ ಎಲ್‌ಎಂಪಿ ಡಾಕ್ಟರುಗಳೇ ಮನೆ ವೈದ್ಯರಾಗಿದ್ದರು. ಕಾಂಪೌಂಡರ್ ಕಲಸಿ, ಬಾಟಲಿಗೆ ಗೀರುಚೀಟಿ ಅಂಟಿಸಿ ಕೊಡುವ ಕೆಂಪು ಮಿಕ್ಸ್ಚರ್ ಅವರ ಗುರುತು. 1946ರಲ್ಲಿ ಭೋರ್ ಸಮಿತಿ, ದೇಶಕ್ಕೆ ಒಂದೇ ಬಗೆಯ ವೈದ್ಯ ಸಾಕು, ಎಲ್ಲರೂ ವಿಶ್ವವಿದ್ಯಾಲಯದ ಡಿಗ್ರಿ ಪಡೆದ 'ಮೂಲ ವೈದ್ಯ'ರಾಗಲಿ ಎಂದಿತು. ಎಲ್‌ಎಂಪಿ ಶಾಲೆಗಳು ಮುಚ್ಚಿದವು, ಎಂಬಿಬಿಎಸ್ ಒಂದೇ ಉಳಿಯಿತು. ಆದರೆ ಆ ಮೂಲ ವೈದ್ಯ ಕಾಲೇಜು ಬಿಟ್ಟು ಹೊರಟ ಮೇಲೆ ಅವನಿಗೆ ಹೊಸದನ್ನು ಹೇಳುವವರು ಯಾರು? ನಿಜ ಹೇಳಬೇಕೆಂದರೆ, ಬಹುಕಾಲ ಆ ಕೆಲಸ ಮಾಡಿದವರು ಮೆಡಿಕಲ್ ರೆಪ್‌ಗಳು. ಮಧ್ಯಾಹ್ನ ಒಂದೂವರೆಗೆ, ಕೊನೆಯ ರೋಗಿ ಹೋದ ಮೇಲೆ, ಟೈ ಕಟ್ಟಿಕೊಂಡ ಹುಡುಗ ಬಂದು ಬಣ್ಣದ ಹಾಳೆ ತೆರೆದು ಮೂರು ನಿಮಿಷದಲ್ಲಿ ಹೇಳಿ ಹೋದದ್ದೇ ಎಷ್ಟೋ ಊರುಗಳಲ್ಲಿ ಫಾರ್ಮಕಾಲಜಿ. ಅವರಲ್ಲಿ ಚೆನ್ನಾಗಿ ಓದಿಕೊಂಡವರೂ ಇದ್ದರು, ಅದನ್ನು ಅಲ್ಲಗಳೆಯಲಾರೆ.

ಭಾರತೀಯ ವೈದ್ಯಕೀಯ ಸಂಘ, ನಾವೆಲ್ಲ ಕರೆಯುವ ಐಎಂಎ, 1928ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿತ್ತು. ಶಾಖೆಗಳಲ್ಲಿ ತಿಂಗಳಿಗೊಮ್ಮೆ 'ಕ್ಲಿನಿಕಲ್ ಮೀಟಿಂಗ್' ನಡೆಯುತ್ತಿತ್ತು. ಸಾಮಾನ್ಯ ವೈದ್ಯರ ಓದಿಗೆಂದೇ ಐಎಂಎ ತನ್ನೊಳಗೆ 'ಕಾಲೇಜ್ ಆಫ್ ಜನರಲ್ ಪ್ರಾಕ್ಟೀಷನರ್ಸ್' ತೆರೆದದ್ದು 1963ರಲ್ಲಿ. ಅದಕ್ಕೆ ಕಟ್ಟಡದ ಕಾಲೇಜು, ಹಾಸ್ಟೆಲು ಏನೂ ಇಲ್ಲ. ಮದರಾಸಿನ ಕೇಂದ್ರ ಕಚೇರಿಯಿಂದ ರಾಜ್ಯಗಳ ಉಪಕೇಂದ್ರಗಳವರೆಗೆ ಹರಡಿದ ಒಂದು ಜಾಲ. ರಿಫ್ರೆಶರ್ ಕೋರ್ಸು, ಭಾನುವಾರದ ಉಪನ್ಯಾಸ, ಕೊನೆಗೆ ಫೆಲೋಶಿಪ್. ಹೆಸರಿನ ಮುಂದೆ 'ಎಫ್‌ಸಿಜಿಪಿ' ಎಂಬ ನಾಲ್ಕಕ್ಷರ ಬರೆದುಕೊಂಡ ಬೋರ್ಡುಗಳು ಕರ್ನಾಟಕದ ಎಷ್ಟೋ ತಾಲೂಕು ಕೇಂದ್ರಗಳಲ್ಲಿ ಇಂದಿಗೂ ಕಾಣುತ್ತವೆ. "ಬರೀ ಎಂಬಿಬಿಎಸ್ಸಾ?" ಎಂದು ಕೇಳುವ ಜನರಿಗೆ ಅದೊಂದು ಸಮಾಧಾನ. ಕಾಲೇಜಿನ ಉದ್ದೇಶ ಒಳ್ಳೆಯದೇ. ಆದರೆ ವೇದಿಕೆಯ ಮೇಲೆ ಮಾತಾಡುತ್ತಿದ್ದವರು ಹೆಚ್ಚಾಗಿ ಮೆಡಿಕಲ್ ಕಾಲೇಜಿನ ಪ್ರೊಫೆಸರುಗಳು, ಅವರು ತರುತ್ತಿದ್ದ ಕೇಸುಗಳು ವಾರ್ಡಿನವು. ಸಾವಿರದಲ್ಲೊಬ್ಬನಿಗೆ ಬರುವ ಕಾಯಿಲೆಯನ್ನು ಒಂದು ಗಂಟೆ ಕೇಳಿ ಮರುದಿನ ಶಾಪಿಗೆ ಬಂದರೆ ಎದುರಿಗಿರುವುದು ತಲೆಸುತ್ತು, ಗ್ಯಾಸು, ನಿದ್ದೆ ಬಾರದಿರುವುದು.

ಇಲ್ಲಿ ಬೆಂಗಳೂರಿನ ಒಂದು ಅಧ್ಯಾಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ರಾಜ್ಯದವರು ಹೆಮ್ಮೆಪಡಬೇಕಾದ, ಆದರೆ ನಮ್ಮ ಸಂಘಗಳ ಸಂಚಿಕೆಗಳಲ್ಲಿ ಎಲ್ಲೂ ಕಾಣದ ಅಧ್ಯಾಯವಿದು. ಮೈಸೂರು ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ 1974ರ ಡಿಸೆಂಬರಿನಲ್ಲಿ ನಿಮ್ಹಾನ್ಸ್ ಆಯಿತು. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ತೆರೆಯಿತು. ಅದರ ಹಿಂದಿದ್ದವರು ಆರ್.ಎಲ್. ಕಪೂರ್. ಅದಕ್ಕೆ ಮುಂಚೆ ಅವರು ಎಡಿನ್‌ಬರೋದ ಮನೋವೈದ್ಯ ಕಾರ್‌ಸ್ಟೇರ್ಸ್ ಜೊತೆ ಸೇರಿ ಆಗಿನ ದಕ್ಷಿಣ ಕನ್ನಡದ ಕೋಟದಲ್ಲಿ ಮನೆಮನೆಗೆ ಹೋಗಿ ಜನರ ಮನಸ್ಸಿನ ಸಂಕಟಗಳ ಅಧ್ಯಯನ ಮಾಡಿದ್ದರು. ಹೌದು, ಶಿವರಾಮ ಕಾರಂತರು ಹುಟ್ಟಿದ ಅದೇ ಕೋಟ. ಅಲ್ಲಿ ಅವರಿಗೆ ತಿಳಿದದ್ದು ಸರಳ: ನೊಂದ ಮನಸ್ಸುಗಳು ಊರ ತುಂಬ ಇವೆ, ಅವು ಮನೋವೈದ್ಯರ ಬಾಗಿಲಿಗೆ ಬರುವುದಿಲ್ಲ. ಹೋಗುವುದು ಮನೆ ವೈದ್ಯರಲ್ಲಿಗೆ, ಇಲ್ಲವೇ ದೈವದ ಪಾತ್ರಿಯಲ್ಲಿಗೆ.

ಹಾಗಾದರೆ ಕಲಿಸಬೇಕಾದದ್ದು ಆ ಮನೆ ವೈದ್ಯರಿಗೆ. ಬೆಂಗಳೂರಿಗೆ ಹತ್ತಿರದ ಆನೇಕಲ್ ತಾಲೂಕಿನ ಸಕಲವಾರದಲ್ಲಿ ಹಳ್ಳಿ ಕೇಂದ್ರ ಶುರುವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ (ಪಿಎಚ್‌ಸಿ) ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಆರಂಭವಾಯಿತು. ನಗರದಲ್ಲಿ ಸಿ. ಶಾಮಸುಂದರ್ ಮತ್ತು ಅವರ ಸಹೋದ್ಯೋಗಿಗಳು ಖಾಸಗಿ ಜಿಪಿಗಳಿಗಾಗಿಯೇ ಮನೋವೈದ್ಯಕೀಯದ ಪರಿಚಯ ಕೋರ್ಸು ನಡೆಸಿದರು. ಅದರ ಅನುಭವವನ್ನು 1980ರ ಹೊತ್ತಿಗೆ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಮುಂದೆ ಅದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಹಲವು ಕೇಂದ್ರಗಳ ಅಧ್ಯಯನವಾಗಿಯೂ ಬೆಳೆಯಿತು. ಪಠ್ಯ ಕಟ್ಟುವಾಗ ಅವರು ಮನೋವೈದ್ಯಕೀಯದ ಪುಸ್ತಕವನ್ನು ತೆಳ್ಳಗೆ ಮಾಡಿ ಬಡಿಸಿ ಮುಗಿಸಬಹುದಿತ್ತು. ಹಾಗೆ ಮಾಡದೆ, ಜಿಪಿಯ ಎದುರು ಕೂತವರು ಏನು ಹೇಳುತ್ತಾರೆ ಎಂಬಲ್ಲಿಂದ ಹೊರಟರು. ರೋಗಿ "ನನಗೆ ಖಿನ್ನತೆ" ಎಂದು ಬರುವುದಿಲ್ಲ. "ಎದೆ ಡವಡವ ಅನ್ನುತ್ತೆ", "ಕೈಕಾಲು ಹರಿಯುತ್ತೆ", "ಸುಸ್ತು ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿ" ಎಂದು ಬರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಂಗಳೂರೂ ಒಂದು ಕೇಂದ್ರ. ಸಾಮಾನ್ಯ ವೈದ್ಯರಲ್ಲಿಗೆ ಬರುವವರಲ್ಲಿ ಸರಾಸರಿ ನೂರಕ್ಕೆ 24 ಜನರಿಗೆ ಗುರುತಿಸಬಹುದಾದ ಮಾನಸಿಕ ತೊಂದರೆ ಇದೆ ಎಂದು ಅದು ತೋರಿಸಿತು. ನಾಲ್ವರಲ್ಲಿ ಒಬ್ಬರು. ನನ್ನ ಬೆಂಚಿನ ಮೇಲೆ ಒಂದು ಸಂಜೆ ಕೂತಿರುವವರನ್ನು ಎಣಿಸಿದರೆ ಲೆಕ್ಕ ಸರಿಯೇ ಅನ್ನಿಸುತ್ತದೆ.

ಬಳ್ಳಾರಿ ಜಿಲ್ಲೆಯದು ಇದರ ಮುಂದಿನ ಹೆಜ್ಜೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಒಂದು ಇಡೀ ಜಿಲ್ಲೆಯಲ್ಲಿ ಅದು ನಡೆಯುತ್ತದೆಯೇ ಎಂದು ನೋಡಲು 1985ರಲ್ಲಿ ನಿಮ್ಹಾನ್ಸ್ ಆರಿಸಿಕೊಂಡದ್ದು ಸುಮಾರು 20 ಲಕ್ಷ ಜನರಿದ್ದ ಬಳ್ಳಾರಿಯನ್ನು. ಪಿಎಚ್‌ಸಿ ವೈದ್ಯರಿಗೆ ಕೆಲವು ದಿನಗಳ ತರಬೇತಿ, ಕೈಗೊಂದು ಸಣ್ಣ ಕೈಪಿಡಿ, ಕಪಾಟಿನಲ್ಲಿ ಆರೇ ಆರು ಔಷಧ. ಫಿಟ್ಸ್‌ಗೆ ಎರಡು, ತೀವ್ರ ಮನೋರೋಗಕ್ಕೆ ಮಾತ್ರೆ ಒಂದು, ಇಂಜೆಕ್ಷನ್ ಒಂದು, ಖಿನ್ನತೆಗೆ ಒಂದು, ಕೈ ನಡುಕ ತಡೆಯಲು ಒಂದು. ಪಾಠ ಕಪಾಟಿನ ಅಳತೆಯದ್ದೇ ಆಗಿತ್ತು. ಕಲಿತದ್ದನ್ನು ಮರುದಿನ ಬೆಳಗ್ಗೆಯೇ ಮಾಡಿ ನೋಡಬಹುದಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಮಾದರಿಯಾಗಿ ಎತ್ತಿಕೊಂಡದ್ದು ಈ ಬಳ್ಳಾರಿಯನ್ನೇ.

ಇತ್ತ ಬೆಂಗಳೂರಿನಲ್ಲೇ ಮನೋವೈದ್ಯಕೀಯವನ್ನು ಕನ್ನಡದಲ್ಲಿ ಬರೆದ ವೈದ್ಯರೂ ಇದ್ದರು. ಹಾಸ್ಯ ಪತ್ರಿಕೆ 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಬೆಂಗಳೂರಿನಲ್ಲಿ ಖಾಸಗಿಯಾಗಿ ವೈದ್ಯ ವೃತ್ತಿ ನಡೆಸಿದವರು. ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯಕೀಯದ ಪುಸ್ತಕಕ್ಕೆ ಸಾಹಿತ್ಯದ ಬಹುಮಾನ! ನಮ್ಮ ಸಿಎಂಇಗಳಲ್ಲಿ ಹಾಸ್ಯದ ಮಾತಿಗೆ ರಾಶಿಯನ್ನು ನೆನೆಯುತ್ತೇವೆ, ಈ ಪುಸ್ತಕವನ್ನು ಯಾರೂ ಎತ್ತುವುದಿಲ್ಲ.

ನಿಯಮದ ಕಾಲಕ್ಕೆ ಬರೋಣ. 2002ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ವೃತ್ತಿ ನಡತೆಯ ನಿಯಮಾವಳಿ ತಂದಾಗ ಐದು ವರ್ಷಕ್ಕೆ 30 ಗಂಟೆ ಸಿಎಂಇ ಎಂದು ಬರೆಯಿತು. ಕರ್ನಾಟಕದಲ್ಲಿ ನೋಂದಣಿ ನವೀಕರಣಕ್ಕೆ ಈ ಗಂಟೆಗಳನ್ನು ಜೋಡಿಸಿದ ಮೇಲೆ ಭಾನುವಾರದ ಸಭೆಗಳ ಚಹರೆಯೇ ಬದಲಾಯಿತು. ಕಾರ್ಯಕ್ರಮಕ್ಕೆ ರಾಜ್ಯ ಪರಿಷತ್ತಿನ ಅನುಮತಿ, ಅಲ್ಲಿಂದ ಬರುವ ವೀಕ್ಷಕರು, ಸಹಿ ಪುಸ್ತಕ, ಊಟದ ಕೂಪನ್ನಿನ ಜೊತೆ ಪ್ರಮಾಣಪತ್ರ. ಅಮೆರಿಕದ ಅಕಾಡೆಮಿಯವರು 1947ರಲ್ಲೇ ತಮಗೆ ಹಾಕಿಕೊಂಡದ್ದು ವರ್ಷಕ್ಕೆ 50 ಗಂಟೆ, ನಮಗೆ ವರ್ಷಕ್ಕೆ ಬಂದದ್ದು ಆರು. ಆ ಆರು ಗಂಟೆಗೂ ಬೆಳಗ್ಗೆ ಸಹಿ ಹಾಕಿ, ಮಧ್ಯೆ ಒಪಿಡಿ ಮುಗಿಸಿ, ಊಟಕ್ಕೆ ಮರಳಿ ಬಂದವರನ್ನು ಕಂಡಿದ್ದೇನೆ. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ, ಬರೆದುಬಿಡುವುದು ಒಳ್ಳೆಯದು.

ಖರ್ಚು ಯಾರದು ಎಂಬುದು ಬಹುಕಾಲ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ಒಮ್ಮೆ ಒಂದು ದೊಡ್ಡ ಹೋಟೆಲಿನಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಮುಕ್ಕಾಲು ಗಂಟೆ ಕೇಳಿದೆವು. ಉಪನ್ಯಾಸಕರು ಬಹಳ ಚೆನ್ನಾಗಿ ಮಾತಾಡಿದರು. ಕೊನೆಗೆ ನೋಡಿದರೆ ದಾರಿಗಳೆಲ್ಲ ಒಂದೇ ಮಾತ್ರೆಯ ಊರಿಗೆ ಬಂದು ಸೇರಿದ್ದವು. ಅದರ ತಿಂಗಳ ಬೆಲೆ ಎಷ್ಟು ಎಂದು ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು. "ಅದನ್ನ ಊಟಕ್ಕೆ ಕೂತಾಗ ಮಾತಾಡೋಣ ಸರ್" ಎಂದರು ಸಂಘಟಕರು. ಊಟದಲ್ಲಿ ಯಾರೂ ಮಾತಾಡಲಿಲ್ಲ.

2009ರ ಡಿಸೆಂಬರಿನಲ್ಲಿ ಪರಿಷತ್ತು ಕಂಪನಿಗಳ ಉಡುಗೊರೆ, ಪ್ರವಾಸ, ಆತಿಥ್ಯಗಳನ್ನು ವೈದ್ಯರು ಪಡೆಯಬಾರದೆಂದು ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಹಾಗೆ ಕೊಟ್ಟದ್ದಕ್ಕೆ ಕಂಪನಿಗಳು ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳುವಂತಿಲ್ಲ ಎಂದಿತು. 2023ರ ಆಗಸ್ಟಿನಲ್ಲಿ, ಪರಿಷತ್ತಿನ ಜಾಗಕ್ಕೆ ಬಂದಿದ್ದ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಂಪನಿ ಪ್ರಾಯೋಜಿತ ಕಾರ್ಯಕ್ರಮಗಳಿಗೇ ಹೋಗಬೇಡಿ ಎಂಬ ನಿಯಮ ಹೊರಡಿಸಿ, ಅದೇ ತಿಂಗಳಲ್ಲಿ ಇಡೀ ನಿಯಮಾವಳಿಯನ್ನು ತಡೆಹಿಡಿಯಿತು. 2024ರ ಮಾರ್ಚಿನಲ್ಲಿ ಬಂದ ಔಷಧ ಮಾರಾಟದ ಸಂಹಿತೆ, ಸಿಎಂಇಗೆ ಕಂಪನಿಗಳು ಮಾಡುವ ಖರ್ಚು ಲೆಕ್ಕಕ್ಕೆ ಸಿಗುವಂತಿರಬೇಕು ಎಂದು ಹೇಳುತ್ತದೆ. ಬ್ಯಾಗುಗಳು ಕಡಿಮೆಯಾದವು. ಸ್ಟಾಲುಗಳು ಇನ್ನೂ ಇವೆ.

ಇಷ್ಟೆಲ್ಲ ಆದ ಮೇಲೂ ಕೇಳಬೇಕಾದದ್ದು, ಇದರಿಂದ ರೋಗಿಗೆ ಏನಾಯಿತು ಎಂದು. ಕೆನಡಾದ ಡೇವ್ ಡೇವಿಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಸಿಎಂಇ ಬಗೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ಜರಡಿ ಹಿಡಿದರು. ಬರೀ ಉಪನ್ಯಾಸ ಕೇಳಿ ಎದ್ದುಹೋದ ವೈದ್ಯರ ಔಷಧ ಚೀಟಿ ಬದಲಾಗುವುದು ಕಾಣಲಿಲ್ಲ. ಮಾತುಕತೆ, ಕೇಸು, ಕೈಯಾರೆ ಮಾಡುವ ಅಭ್ಯಾಸ ಇದ್ದ ಕಡೆ ಬದಲಾವಣೆ ಕಂಡಿತು. 2003ರಲ್ಲಿ ನ್ಯೂ ಮೆಕ್ಸಿಕೋದ ಯಕೃತ್ತಿನ ತಜ್ಞ, ಭಾರತೀಯ ಮೂಲದ ಸಂಜೀವ್ ಅರೋರಾ, ದೂರದ ಊರುಗಳ ಸಾಮಾನ್ಯ ವೈದ್ಯರನ್ನು ವಾರಕ್ಕೊಮ್ಮೆ ವಿಡಿಯೋದಲ್ಲಿ ಕೂರಿಸಿಕೊಂಡು ಅವರವರ ಹೆಪಟೈಟಿಸ್ ಸಿ ರೋಗಿಗಳ ಚರ್ಚೆ ಶುರುಮಾಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ನೂರಕ್ಕೆ 57.5 ರೋಗಿಗಳಲ್ಲಿ ಚಿಕಿತ್ಸೆ ಫಲಿಸಿದ್ದರೆ, ಈ ಸಾಮಾನ್ಯ ವೈದ್ಯರ ಕೈಯಲ್ಲಿ 58.2. 'ಎಕೋ' ಎಂದು ಹೆಸರಾದ ಆ ಪದ್ಧತಿಯನ್ನು ನಿಮ್ಹಾನ್ಸ್ ಕೂಡ ತೆಗೆದುಕೊಂಡು ಮಾನಸಿಕ ಆರೋಗ್ಯಕ್ಕೂ ಕುಡಿತದ ಚಟದ ಚಿಕಿತ್ಸೆಗೂ ಬಳಸಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ) 2006ರಲ್ಲಿ ಕುಟುಂಬ ವೈದ್ಯರಿಗೆ ದೂರಶಿಕ್ಷಣ ತೆರೆದಾಗ ಇಟ್ಟುಕೊಂಡ ಘೋಷವಾಕ್ಯದ ತಾತ್ಪರ್ಯ, ಬೇರೆಯವರಲ್ಲಿಗೆ ಕಳಿಸುವುದು ಕಡಿಮೆ ಮಾಡಿ, ನಿಮ್ಮಲ್ಲೇ ಬಗೆಹರಿಸುವುದು ಹೆಚ್ಚು ಮಾಡಿ ಎಂದು. ಕಾರ್ಪೊರೇಟ್ ಆಸ್ಪತ್ರೆಗಳು ನಮಗಾಗಿ ನಡೆಸುವ ಸಿಎಂಇಗಳ ತಾತ್ಪರ್ಯ ಸಾಮಾನ್ಯವಾಗಿ ಇದರ ಉಲ್ಟಾ.

2020ರಲ್ಲಿ ಕೊರೊನಾ ಬಂದು ಭಾನುವಾರದ ಸಭೆ ಮೊಬೈಲಿಗೆ ಇಳಿಯಿತು. ಲುಂಗಿಯ ಮೇಲೆ ಅಂಗಿ ತೊಟ್ಟು ವೆಬಿನಾರ್ ಕೇಳಿದೆವು. ದಿನಕ್ಕೆ ಮೂರು ಬಂದದ್ದೂ ಉಂಟು. ಆದರೆ ಆ ಎರಡು ವರ್ಷ ನನಗೆ ನಿಜಕ್ಕೂ ಕಲಿಸಿದ್ದು ನಮ್ಮ ಊರಿನ ವೈದ್ಯರ ವಾಟ್ಸ್‌ಆ್ಯಪ್ ಗುಂಪು. ರಾತ್ರಿ ಹನ್ನೊಂದಕ್ಕೆ ಒಬ್ಬರು, "ಆಕ್ಸಿಜನ್ 91, ನಡೆದರೆ 86, ಬೆಡ್ ಸಿಗ್ತಿಲ್ಲ, ಏನ್ ಮಾಡ್ಲಿ?" ಎಂದು ಹಾಕುತ್ತಿದ್ದರು. ಐದು ನಿಮಿಷದಲ್ಲಿ ನಾಲ್ಕು ಉತ್ತರ. ಅದಕ್ಕೆ ಯಾವ ಪರಿಷತ್ತೂ ಕ್ರೆಡಿಟ್ ಕೊಡಲಿಲ್ಲ.

ಸಂಘದ ಮುಂದಿನ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ವರ್ಷದ ಹನ್ನೆರಡು ಸಭೆಗಳಲ್ಲಿ ಆರನ್ನು ಪ್ರೊಜೆಕ್ಟರ್ ಇಲ್ಲದೆ ನಡೆಸಿ. ಅತಿಥಿ ತಜ್ಞರು ಬರಲಿ, ಆದರೆ ಮೊದಲ ಮಾತು ಅವರದಾಗದಿರಲಿ. ಸದಸ್ಯರು ತಮ್ಮ ಶಾಪಿನ ಒಂದು ಕೇಸನ್ನು, ರೋಗಿಯ ಹೆಸರಿಲ್ಲದೆ, ಒಂದು ಚೀಟಿಯಲ್ಲಿ ಬರೆದು ಹದಿನೈದು ದಿನ ಮುಂಚೆ ಕಾರ್ಯದರ್ಶಿಗಳಿಗೆ ಕೊಡಲಿ. ನನ್ನ ಚೀಟಿ ಈ ಲೇಖನದ ಜೊತೆಗೇ ಕಳಿಸಿದ್ದೇನೆ: ಐವತ್ತೆರಡು ವರ್ಷದ ಹೆಂಗಸು, ಆರು ತಿಂಗಳಿಂದ ತಲೆಸುತ್ತು, ಬಿಪಿ ಸರಿ, ಸಕ್ಕರೆ ಸರಿ, ಸ್ಕ್ಯಾನ್ ಸರಿ, ಮಗ ದುಬೈನಲ್ಲಿ.